ಕೇಳಿಕೊಂಡು ನಡೆದ ದಾರಿ

ನಾನು ಇನ್ನೂ ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ಸರ್ಕಾರಕ್ಕೆ ಬರೆದುಕೊಡಬೇಕು. ಪಿಂಚಣಿ ಪಡೆಯುವವರಿಗೆಲ್ಲ ಈ ಕರ್ಮ ತಪ್ಪಿದ್ದಲ್ಲ. ಮೊನ್ನೆ ಮೂಡುಬಿದಿರೆಯ ನಮ್ಮ ಮನೆಯ ಕಪಾಟಿನಲ್ಲಿ ಅದಕ್ಕೆ ಬೇಕಾದ ಕಾಗದ ಹುಡುಕುತ್ತಿದ್ದಾಗ ಜವಳಿ ಅಂಗಡಿಯ ಹಳೆಯ ಚೀಲವೊಂದು ಕೈಗೆ ಬಂತು. ಬಿಚ್ಚಿದರೆ ನುಸಿಗುಳಿಗೆಯ ವಾಸನೆ, ಒಳಗೆ ಕೋರ್ಟಿನ ಮೊಹರು ಬಿದ್ದ ತೀರ್ಪಿನ ನಕಲು. ನಿಂತಲ್ಲೇ ಓದತೊಡಗಿದೆ. ಬದುಕಿರುವುದಕ್ಕೆ ಪುರಾವೆ ಹುಡುಕುವ ಕೆಲಸ ಆ ದಿನ ಅಷ್ಟಕ್ಕೇ ನಿಂತಿತು.

ದಾವೆ ನನ್ನದಲ್ಲ, ನನ್ನ ಅಕ್ಕನದು. ಅದನ್ನು ಸೋಲಿಸಿದವನು ಮಾತ್ರ ನಾನು. ಹೇಗೆಂದು ಹೇಳುತ್ತೇನೆ, ನಗಬೇಡಿ. ನಕ್ಕರೂ ಚಿಂತೆಯಿಲ್ಲ, ಈಗ ನಗಬಹುದು.

ಅಕ್ಕನ ಮನೆ ಪುಂಜಾಲಕಟ್ಟೆಯಿಂದ ತುಸು ಒಳಗೆ. ಭಾವ ತೀರಿಕೊಂಡ ಮೇಲೆ ಅವಳು ಹೊಲಿಗೆ ಯಂತ್ರವನ್ನು ನೆಚ್ಚಿ ಬದುಕಿದವಳು. ರವಿಕೆ ಹೊಲಿಸುವವರು ಡಾಮರು ರಸ್ತೆಯಲ್ಲಿ ಬಸ್ಸಿಳಿದು, ನೆರೆಮನೆಯ ಮೋನಪ್ಪಣ್ಣನ ಅಂಗಳದ ಬದಿಯಲ್ಲಿ ಹಾದು, ಕೆಂಪುಕಲ್ಲಿನ ನಾಲ್ಕು ಮೆಟ್ಟಿಲು ಇಳಿದರೆ ಅವಳ ಜಗಲಿ. ಆ ದಾರಿ ಇಲ್ಲವಾದರೆ ಗುಡ್ಡ ಸುತ್ತಿ ಬರಬೇಕು. ಒಂದು ರವಿಕೆಗಾಗಿ ಗುಡ್ಡ ಹತ್ತುವಷ್ಟು ಪ್ರೀತಿ ಯಾವ ಗಿರಾಕಿಗೂ ಇರುವುದಿಲ್ಲ.

ನಮ್ಮ ಕಡೆ ಒಂದು ಪದ್ಧತಿ ಉಂಟು. ಇನ್ನೊಬ್ಬರ ಅಂಗಳದಲ್ಲಿ ಹಾದುಹೋಗುವವರು ಒಂದು ಸ್ವರ ಹಾಕಿಯೇ ಹೋಗುವುದು. "ಪೋಪೆ, ಆವಾ?" ಎಂದು ತುಳುವಿನಲ್ಲಿ. ಹೋಗುತ್ತೇನೆ, ಆಗಬಹುದೇ ಎಂದು ಅರ್ಥ. ಒಳಗಿದ್ದವರು "ಆವು, ಪೋಲೆ", ಆಗಲಿ ಹೋಗಿ, ಎನ್ನುತ್ತಾರೆ. ಉತ್ತರ ಬರುವಷ್ಟರಲ್ಲಿ ಕೇಳಿದವನು ಅಂಗಳ ದಾಟಿಯಾಗಿರುತ್ತದೆ. ಮನೆಯಲ್ಲಿ ನಾಯಿ ಮಾತ್ರ ಇದ್ದರೂ ಕೇಳುತ್ತಾರೆ. ನಮ್ಮ ಭಾವನಂತೂ ಬೀಗ ಹಾಕಿದ ಬಾಗಿಲಿಗೂ ಕೇಳಿ ಹೋಗುತ್ತಿದ್ದರು.

ಮೋನಪ್ಪಣ್ಣ ಹೊಸ ಮನೆ ಕಟ್ಟಿದರು. ಹೊಸ ಮನೆಗೆ ಹೊಸ ಕಂಪೌಂಡು, ಕಂಪೌಂಡಿಗೆ ಗೇಟು, ಗೇಟಿಗೆ ಬೀಗ. ಅವರು ಕೆಟ್ಟ ಮನುಷ್ಯರೇನಲ್ಲ. ಆದರೆ ಗೋಡೆ ಎದ್ದ ಮೇಲೆ ಅದರ ಒಳಗಿರುವುದೆಲ್ಲ ತನ್ನದೇ ಎಂದು ಯಾರಿಗಾದರೂ ಅನಿಸುತ್ತದೆ. ಹಿರಿಯರು ಕುಳಿತು ಮಾತಾಡಿದರು, ಆಗಲಿಲ್ಲ. ಅಕ್ಕ ದಾವೆ ಹೂಡಿದಳು. ಮೂವತ್ತು ವರ್ಷ ಆ ದಾರಿಯಲ್ಲಿ ನಡೆದವನೆಂದು ನಾನು ಸಾಕ್ಷಿ.

ನಾನು ಕನ್ನಡ ಮಾಸ್ಟ್ರು. "ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಬರೆಯಿರಿ, ಕತೆ ಬೇಡ" ಎಂದು ಮಕ್ಕಳ ತಲೆ ತಿಂದವನು. ಸಾಕ್ಷಿಕಟ್ಟೆಯಲ್ಲಿ ನನ್ನ ಪಾಠವನ್ನು ನಾನೇ ಪಾಲಿಸಿದೆ.

"ಪ್ರತಿವಾದಿಯ ಅಂಗಳದಲ್ಲಿ ಹೋಗುವಾಗ ನೀವು ಕೇಳಿ ಹೋಗುತ್ತಿದ್ದಿರೋ, ಕೇಳದೆ ಹೋಗುತ್ತಿದ್ದಿರೋ?" ಎಂದರು ಎದುರು ವಕೀಲರು.

"ಕೇಳಿಯೇ ಹೋಗುತ್ತಿದ್ದೆವು. ನಾವು ಮರ್ಯಾದಸ್ಥರು" ಎಂದೆ.

ಅವರು ನನಗೆ ಕೈಮುಗಿದು ಕುಳಿತೇಬಿಟ್ಟರು. ಒಳ್ಳೆಯ ಉತ್ತರ ಕೊಟ್ಟೆನೆಂದು ನಾನು ಶಾಲು ಸರಿಮಾಡಿಕೊಂಡು ಇಳಿದೆ. ಹೊರಗೆ ನಮ್ಮ ವಕೀಲರಾದ ಇಬ್ರಾಹಿಂ ಸಾಹೇಬರು ತಲೆಯ ಮೇಲೆ ಕೈಹೊತ್ತು ನಿಂತಿದ್ದರು.

"ಎಂತ ಮಾಷ್ಟ್ರೇ, ದಾರಿಯನ್ನು ಹರಿವಾಣದಲ್ಲಿಟ್ಟು ಅವರಿಗೆ ಕೊಟ್ಟು ಬಂದಿರಲ್ಲ! ಹಕ್ಕಿನಿಂದ ನಡೆದವರಿಗೆ ಮಾತ್ರ ದಾರಿಯ ಹಕ್ಕು ಸಿಗುವುದು. ಒಪ್ಪಿಗೆ ಕೇಳಿ ಹೋದದ್ದಾದರೆ ಅದು ಅವರ ದಯೆ. ದಯೆಯನ್ನು ಅವರು ಯಾವಾಗ ಬೇಕಾದರೂ ನಿಲ್ಲಿಸಬಹುದು."

ದಾವೆ ವಜಾ ಆಯಿತು. ಆ ತೀರ್ಪಿನಲ್ಲಿ ನನ್ನ ವಾಕ್ಯವನ್ನು ಉದ್ಧರಣ ಚಿಹ್ನೆಯ ಒಳಗೆ ಹಾಕಿದ್ದರು. ಚಿಕ್ಕಂದಿನಿಂದ ನನ್ನದೊಂದು ವಾಕ್ಯ ಎಲ್ಲಾದರೂ ಅಚ್ಚಾಗಬೇಕೆಂದು ಆಸೆಯಿತ್ತು. ಆಸೆ ಹೀಗೂ ತೀರುತ್ತದೆ.

ಅಕ್ಕ ಬೈಯಲಿಲ್ಲ. "ನೀನು ಸುಳ್ಳು ಹೇಳ್ಲಿಲ್ಲ ಅಲ್ವಾ? ಬಿಡು" ಎಂದಳು. ಅವಳು ಬೈದಿದ್ದರೆ ನಾನು ಆ ರಾತ್ರಿ ಸರಿಯಾಗಿ ಉಣ್ಣುತ್ತಿದ್ದೆ.

ಮೇಲ್ಮನವಿ ಹಾಕಿದೆವು. ಅದು ಮುಗಿಯುವ ತನಕ ಗೇಟಿಗೆ ಬೀಗ ಹಾಕಬಾರದೆಂದು ಆಜ್ಞೆ ಸಿಕ್ಕಿತು. ಆದರೆ ವಕೀಲರು ಅಕ್ಕನಿಗೆ ಒಂದು ಕಟ್ಟುಪಾಡು ಹಾಕಿದರು: "ಇನ್ನು ಯಾರೂ ಕೇಳಿಕೊಂಡು ಹೋಗ್ಬಾರದು. ಬಾಯಿ ಮುಚ್ಚಿ ಹೋಗಿ, ಬನ್ನಿ." ಅಕ್ಕ ಹಾಗೆಯೇ ಮಾಡಿದಳು. ಜಗಲಿಯಲ್ಲಿ ತರಕಾರಿ ಹೆಚ್ಚುತ್ತಿದ್ದ ಮೋನಪ್ಪಣ್ಣನ ಹೆಂಡತಿ ಲೀಲಕ್ಕ ಮುಖ ತಿರುಗಿಸುವರು, ಅಕ್ಕ ತಲೆ ತಗ್ಗಿಸಿ ದಾಟುವಳು. "ಕಳ್ಳಿಯ ಹಾಗೆ ಹೋಗಿ ಬರ್ತಾ ಇದ್ದೇನೆ ಮಾರಾಯ" ಎಂದು ಒಮ್ಮೆ ನನ್ನಲ್ಲಿ ಹೇಳಿದಳು. ದಾವೆ ಸೋತ ದಿನ ಅಳದವಳು ಅಂದು ಕಣ್ಣೊರೆಸಿಕೊಂಡಳು.

ಮೇಲಿನ ಕೋರ್ಟಿನ ಮೇಲೆ ನನಗೆ ದೊಡ್ಡ ಭರವಸೆಯೇನೂ ಇರಲಿಲ್ಲ. ಪರೀಕ್ಷಾ ಮಂಡಳಿಯ ಮರುಎಣಿಕೆಯನ್ನು ನಾನು ಕಂಡವನು. ಉತ್ತರ ಓದುವ ಗೋಜಿಲ್ಲ, ಅಂಕಗಳ ಕೂಡಿಕೆ ಸರಿಯಿದೆಯೇ ನೋಡಿ ಸಹಿ ಹಾಕುವುದು. ಇದೂ ಹಾಗೆಯೇ ಅಲ್ಲವೇ ಎಂದು ವಕೀಲರನ್ನು ಕೇಳಿದೆ.

"ಅಲ್ಲ ಮಾಷ್ಟ್ರೇ. ಮೊದಲ ಮೇಲ್ಮನವಿ ಅಂದ್ರೆ ಮರುಮೌಲ್ಯಮಾಪನ. ಪ್ರತಿಯೊಂದು ಸಾಕ್ಷಿ, ಪ್ರತಿಯೊಂದು ಕಾಗದ ಅವರು ಹೊಸತಾಗಿ ಓದ್ಬೇಕು. ಯಾವ ಪ್ರಶ್ನೆ ತೀರ್ಮಾನ ಮಾಡ್ತೇವೆ, ಯಾಕೆ ಹಾಗೆ ಮಾಡ್ತೇವೆ ಅಂತ ಬರೀಬೇಕು. ಕೆಳಗಿನ ತೀರ್ಪು ತಪ್ಪು ಅನ್ನುವುದಾದರೆ ಅದರ ಒಂದೊಂದು ಕಾರಣಕ್ಕೂ ಉತ್ತರ ಕೊಡ್ಬೇಕು. ಅದರಿಂದ ಮೇಲೆ ಹೋದರೆ ಕಾನೂನಿನ ಪ್ರಶ್ನೆ ಮಾತ್ರ. ನಡೆದದ್ದು ಎಂತ ಅಂತ ಪೂರ್ತಿ ನೋಡುವ ಕಡೆಯ ಬಾಗಿಲು ಇದೇ."

"ಓದ್ತಾರಾ?"

"ಓದ್ಬೇಕು" ಎಂದರು ಸಾಹೇಬರು. ಓದುತ್ತಾರೆ ಎನ್ನಲಿಲ್ಲ.

ವಾದದ ದಿನ ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ನ್ಯಾಯಾಧೀಶರು ಒಬ್ಬ ಹೆಂಗಸು. ಅವರ ಮುಂದಿನ ಕಡತದ ಅಂಚಿನಲ್ಲೆಲ್ಲ ಕಾಗದದ ಚೂರುಗಳು ಇಣುಕುತ್ತಿದ್ದವು. ಎದುರು ವಕೀಲರು ನನ್ನ ಪ್ರಸಿದ್ಧ ವಾಕ್ಯವನ್ನು ಓದಿ, ಇದೊಂದೇ ಸಾಕು ಎಂದರು. ನಾನು ನೆಲ ನೋಡಿದೆ.

"ಸರಿ. ಈಗ ನಿಮ್ಮ ಕಕ್ಷಿದಾರರ ಹೆಂಡತಿ ಪಾಟೀಸವಾಲಿನಲ್ಲಿ ಹೇಳಿದ್ದನ್ನು ಓದಿ. ಕೊನೆಯ ಪುಟ" ಎಂದರು ನ್ಯಾಯಾಧೀಶರು.

ವಕೀಲರು ಹಾಳೆ ತಿರುಗಿಸಿದರು. ನಮ್ಮ ಸಾಹೇಬರೂ ಗಡಿಬಿಡಿಯಿಂದ ತಿರುಗಿಸಿದರು. ಆ ಪ್ರಶ್ನೆ ಕೇಳಿದ್ದವರು ಅವರೇ, ಕೇಳಿ ಮರೆತಿದ್ದರು. ನೀವು ವಾದಿಯ, ಅಂದರೆ ಅಕ್ಕನ, ಅಂಗಳದಲ್ಲಿ ಹಾದು ಬಾವಿಕಟ್ಟೆಗೆ ಹೋಗುವಾಗ ಕೇಳಿ ಹೋಗುತ್ತೀರಾ ಎಂಬುದಕ್ಕೆ ಲೀಲಕ್ಕ ಹೇಳಿದ್ದರು: "ಯಾರ ಅಂಗಳವಾದರೂ ಹೇಳಿಯೇ ಹೋಗುವುದು. ಹೇಳದೆ ಹೋದರೆ ಚಂದವಾ? ಬೇಡ ಅಂತ ಇದುವರೆಗೆ ಯಾರೂ ಯಾರಿಗೂ ಹೇಳಿದ್ದಿಲ್ಲ."

ನೆಲ ನೋಡುತ್ತಿದ್ದ ನಾನು ತಲೆ ಎತ್ತಿದೆ.

ತೀರ್ಪಿನಲ್ಲಿ ಅವರು ಏನನ್ನೂ ಬಿಟ್ಟಿರಲಿಲ್ಲ. ಸ್ಥಳ ನೋಡಲು ಕೋರ್ಟು ಕಳಿಸಿದ್ದ ಕಮಿಷನರು ಮೆಟ್ಟಿಲುಗಳು ನಡುವೆ ಸವೆದಿವೆ ಎಂದು ಬರೆದದ್ದನ್ನು ಹೆಕ್ಕಿದ್ದರು. ಲೀಲಕ್ಕನ ಮಾತನ್ನು ಪೂರ್ತಿ ಬರೆದಿದ್ದರು. ಕೊನೆಗೆ ನನ್ನ ವಾಕ್ಯಕ್ಕೆ ಬಂದು, ಉತ್ತರಕ್ಕೆ ಕಾಯದೆ ಕೇಳುವ ಮಾತು ಅನುಮತಿಯ ಕೋರಿಕೆಯಲ್ಲ, ಅದು ನೆರೆಹೊರೆಯ ಸೌಜನ್ಯ, ಸೌಜನ್ಯ ತೋರಿದವರು ಅದರಿಂದ ಹಕ್ಕು ಕಳೆದುಕೊಳ್ಳಬಾರದು ಎಂದಿದ್ದರು. ದಾರಿ ಅಕ್ಕನಿಗೆ ಉಳಿಯಿತು. ಮೋನಪ್ಪಣ್ಣ ಮುಂದೆ ಹೋಗಲಿಲ್ಲ. ಹೆಂಡತಿಯ ಮಾತಿನ ಮೇಲೆ ಇನ್ನೇನು ಅಪೀಲು!

ಆ ನ್ಯಾಯಾಧೀಶರಿಗೆ ಆಮೇಲೆ ಬೇರೆ ಊರಿಗೆ ವರ್ಗವಾಯಿತಂತೆ. ಅವರಿಗೆ ನನ್ನ ಮುಖ ಗೊತ್ತಿಲ್ಲ. ನನ್ನನ್ನು ಒಂದು ವಾಕ್ಯಕ್ಕೆ ಕಟ್ಟಿಹಾಕದೆ ಮುಂದಿನ ಪುಟಗಳನ್ನೂ ಓದಿದರಲ್ಲ, ಅದಕ್ಕೆ ನಾನು ಅವರಿಗೆ ಬದುಕಿಡೀ ಋಣಿ. ಜೊತೆಗೆ ಒಂದು ನಾಚಿಕೆಯೂ ಉಂಟು. ಮೌಲ್ಯಮಾಪನಕ್ಕೆ ಕುಳಿತ ವರ್ಷಗಳಲ್ಲಿ, ಸಂಜೆಯ ಬಸ್ಸು ತಪ್ಪೀತೆಂದು, ಎಷ್ಟು ಮಕ್ಕಳ ಕೊನೆಯ ಹಾಳೆಯನ್ನು ನಾನು ತಿರುಗಿಸದೆ ಬಿಟ್ಟಿದ್ದೇನೋ! ಆ ಮಕ್ಕಳಿಗೆ ಮೇಲ್ಮನವಿ ಇರಲಿಲ್ಲ.

ಇದನ್ನೆಲ್ಲ ಓದಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಮಾರನೆಯ ದಿನ ಬಸ್ಸು ಹತ್ತಿದೆ. ರಸ್ತೆಯಲ್ಲಿ ಅಕ್ಕನೇ ಸಿಕ್ಕಿದಳು, ಗುಂಡಿ, ನೂಲು ತರಲು ಪೇಟೆಗೆ ಹೋಗಿ ಮರಳುತ್ತಿದ್ದವಳು. ಇಬ್ಬರೂ ಮೋನಪ್ಪಣ್ಣನ ಗೇಟು ದಾಟಿದೆವು. ಅಕ್ಕ ಎಂದಿನಂತೆ ಸ್ವರ ಹಾಕಿದಳು. ನಾನು ತುಟಿ ಬಿಗಿದುಕೊಂಡು ನಡೆದೆ. ಸಾಕ್ಷಿ ಹೇಳಿದ ದಿನದಿಂದ ಆ ಅಂಗಳದಲ್ಲಿ ನಾನು ಬಾಯಿ ಬಿಟ್ಟವನಲ್ಲ. ಗೆದ್ದ ಮೇಲೂ ಹೆದರಿಕೆ ಹೋಗಿರಲಿಲ್ಲ.

ಅಕ್ಕ ನಿಂತಳು. "ನೀನೆಂತ ಇನ್ನೂ ಮೂಗನ ಹಾಗೆ ಹೋಗುದು? ಕೇಳಿದ್ರೆ ಹಕ್ಕು ಹೋಗುದಿಲ್ಲ ಅಂತ ಅಲ್ವಾ ಆ ಜಡ್ಜಮ್ಮ ಬರ್ದದ್ದು? ಗೆದ್ದದ್ದೇ ಅದನ್ನು. ಇನ್ನಾದರೂ ಹೆದರದೆ ಕೇಳು."

ಗಂಟಲು ಸರಿಮಾಡಿಕೊಂಡು, ಅವರ ಮನೆಯ ಕಡೆ ತಿರುಗಿ, ಕೇಳಿದೆ.

ಒಳಗೆ ಕುಕ್ಕರಿನ ಸದ್ದಿನ ನಡುವೆ ಲೀಲಕ್ಕನ ಮಾತು ಬಂತು. "ಯಾರು, ಮಾಷ್ಟ್ರಾ? ಎಷ್ಟು ವರ್ಷ ಆಯ್ತು ನಿಮ್ಮ ಸ್ವರ ಕೇಳದೆ! ಹೋಗಿ, ಹೋಗಿ."