ಎರಡನೇ ರ‍್ಯಾಮಿನ ಕುಂಕುಮ

ಇವತ್ತು ಬೆಳಿಗ್ಗೆ ಗುಂಡ್ಲುಪೇಟೆಯ ನನ್ನ ಅಂಗಡಿಗೆ ಕಾಲೇಜು ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ತಂದಿದ್ದಳು. ಎಂಟು ಜಿಬಿ ರ‍್ಯಾಮ್ ಹಾಕಿಸಿದ್ದರೂ ನಾಲ್ಕೇ ತೋರಿಸುತ್ತಿದೆ ಎಂದಳು. ರ‍್ಯಾಮ್ ಬಿಚ್ಚಿ, ಅದರ ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜತೊಡಗಿದೆ. ರಬ್ಬರ್ ಬಿಸಿಯಾಗಿ ಅದರ ವಾಸನೆ ಮೂಗಿಗೆ ಬಡಿಯಿತು. ಕೈ ಅಲ್ಲೇ ನಿಂತಿತು. ಚಾಮರಾಜನಗರದ ಅಕ್ಕ ನೆನಪಾದರು...

ಅಕ್ಕ ಅಂದರೆ ಒಡಹುಟ್ಟಿದವರಲ್ಲ. ಚಾಮರಾಜನಗರದಲ್ಲಿ ಜೆರಾಕ್ಸ್ ತೆಗೆಯುವ, ಆನ್‌ಲೈನ್ ಅರ್ಜಿ ಹಾಕಿಕೊಡುವ ಪುಟ್ಟ ಅಂಗಡಿ ಇಟ್ಟುಕೊಂಡಿದ್ದವರು. ಚಂದಕವಾಡಿ, ಉಡಿಗಾಲದ ಕಡೆಯವರೆಲ್ಲ ಪಹಣಿಗೆ, ಜಾತಿ ಸರ್ಟಿಫಿಕೇಟಿಗೆ ಅವರಲ್ಲಿಗೇ ಬರುತ್ತಿದ್ದರು. ಅಲ್ಲಿದ್ದ ಒಂದೇ ಒಂದು ಕಂಪ್ಯೂಟರಿಗೆ ನಾನು ವೈದ್ಯ. ಅವರ ಯಜಮಾನರದ್ದು ಗೂಡ್ಸ್ ಟೆಂಪೋ. ಟೊಮೆಟೊ, ಕೋಸು ತುಂಬಿಕೊಂಡು ಪುಣಜನೂರಿನ ಮೇಲೆ ಹಾದು ಘಾಟಿ ಇಳಿದು ತಮಿಳುನಾಡಿಗೆ ಹೋಗುತ್ತಿದ್ದರು. ಕಾಡಿನಲ್ಲಿ ಸಿಗ್ನಲ್ ಸಿಗುವುದಿಲ್ಲ. ಇಳಿದೆ ಅಂತ ಆ ಕಡೆಯಿಂದ ಫೋನ್ ಬರುವ ತನಕ ಅಕ್ಕ ಒಂದು ಲೋಟ ಕಾಫಿ ಕೂಡ ಕುಡಿಯುತ್ತಿರಲಿಲ್ಲ.

ಆ ವರ್ಷ ಆಯುಧಪೂಜೆ ಮುಗಿದ ಮೇಲೆ ಅಕ್ಕನ ಫೋನ್ ಬಂತು. ಕಂಪ್ಯೂಟರ್ ತೆವಳುತ್ತಿದೆ, ಒಂದು ಅರ್ಜಿ ತೆರೆಯುವಷ್ಟರಲ್ಲಿ ಜನ ಬೈದುಕೊಂಡು ಎದ್ದು ಹೋಗುತ್ತಾರೆ ಅಂದರು. ಬಸ್ಸು ಹತ್ತಿ ಹೋದೆ. ನಾನೇ ಹಾಕಿಕೊಟ್ಟಿದ್ದ ನಾಲ್ಕು ನಾಲ್ಕು ಜಿಬಿಯ ಎರಡು ರ‍್ಯಾಮ್ ಸೇರಿ ಎಂಟು ಇರಬೇಕಾದಲ್ಲಿ ನಾಲ್ಕೇ ಕಾಣುತ್ತಿತ್ತು. ಒಂದನ್ನು ಯಾರೋ ಎಗರಿಸಿದ್ದಾರೆ ನೋಡಿ ಅಂತ ತಮಾಷೆ ಮಾಡಿದೆ. ಅಕ್ಕ ನಗಲಿಲ್ಲ.

ಮೊದಲು ಸೆಟ್ಟಿಂಗ್ ನೋಡಿದೆ. ಕೆಲವೊಮ್ಮೆ ಯಾರೋ ಕೈಯಾಡಿಸಿ ಇಷ್ಟೇ ಬಳಸು ಎಂದು ವಿಂಡೋಸಿಗೆ ಮಿತಿ ಹಾಕಿಟ್ಟಿರುತ್ತಾರೆ. ಹಾಗೇನೂ ಇರಲಿಲ್ಲ. ಸ್ವಿಚ್ ಹಾಕಿದ ಕೂಡಲೇ, ವಿಂಡೋಸ್ ಏಳುವ ಮುಂಚೆ ಬರುವ ಪರದೆಯಲ್ಲೂ ನಾಲ್ಕೇ ಇತ್ತು. ಅಲ್ಲಿಗೆ ತೊಂದರೆ ಒಳಗಿನ ಸಾಮಾನಿನದೇ ಎಂದು ಖಾತ್ರಿಯಾಯಿತು. ಕರೆಂಟ್ ತೆಗೆದು, ಕಂಪ್ಯೂಟರ್ ಡಬ್ಬದ ಪಕ್ಕದ ತಗಡು ಬಿಚ್ಚಿ, ಎರಡನೇ ರ‍್ಯಾಮ್ ಕಿತ್ತು ನೋಡಿದೆ. ಹಲ್ಲುಗಳ ಉದ್ದಕ್ಕೂ ಕೆಂಪು ಒಣಗಿ ಅಂಟಿಕೊಂಡಿತ್ತು. ರ‍್ಯಾಮ್ ಕೂರುವ ಸಂದಿಯ ತುಂಬ ಅದೇ ಕೆಂಪು.

ಕುಂಕುಮ. ನೀರಲ್ಲಿ ಕಲಸಿ ಹಚ್ಚಿದ ಕುಂಕುಮ.

ಹಿಂದೊಮ್ಮೆ ಕಂಪ್ಯೂಟರ್ ಸತ್ತು ಕೂತಿದ್ದಾಗ ನಾನು ಇದೇ ರ‍್ಯಾಮಿನ ಪಟ್ಟಿಯನ್ನು ಕಿತ್ತು, ಉಜ್ಜಿ, ಹಾಕಿದ ಮೇಲೆ ಅದಕ್ಕೆ ಜೀವ ಬಂದಿತ್ತು. ಅಕ್ಕ ಪಕ್ಕದಲ್ಲೇ ನಿಂತು ನೋಡಿದ್ದರು. ಜೀವ ಇರುವುದು ಇಲ್ಲೇ, ಪೂಜೆ ಸಲ್ಲಬೇಕಾದ್ದೂ ಇಲ್ಲಿಗೇ ಎಂದುಕೊಂಡು, ಆಯುಧಪೂಜೆಯ ದಿನ ತಾವೇ ಕಿತ್ತು ಕುಂಕುಮವಿಟ್ಟು ಸಿಕ್ಕಿಸಿದ್ದರಂತೆ. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಜೇಬಿನಿಂದ ರಬ್ಬರ್ ತೆಗೆದೆ. ಅಕ್ಕ ಥಟ್ಟನೆ ನನ್ನ ಮಣಿಕಟ್ಟು ಹಿಡಿದರು.

"ಬ್ಯಾಡ ಕಣಪ್ಪ. ಕುಂಕ್ಮ ಅದು. ಇವ್ರು ಈಗ ಘಾಟಿ ಇಳೀತಾವ್ರೆ."

"ಅಕ್ಕ, ಇದು ಮಿಷಿನ್ನು. ಒರಸ್ದೇ ಇದ್ರೆ ಅರ್ಧದಲ್ಲೇ ಓಡೋದು."

"ಅರ್ಧದಲ್ಲೇ ಓಡ್ಲಿ ಬುಡು. ಅವ್ರು ನೆಟ್ಗೆ ಮನೆಗ್ ಬಂದ್ರೆ ಸಾಕು ನಂಗೆ."

ಆಮೇಲೆ ದನಿ ತಗ್ಗಿಸಿ ಇನ್ನೊಂದು ವಿಷಯ ಹೇಳಿದರು. ಪೂಜೆಯ ದಿನ ಟೆಂಪೋದ ಮುಂದಿನ ಚಕ್ರಕ್ಕೆ ಇಟ್ಟ ನಿಂಬೆಹಣ್ಣು ಒಡೆಯಲಿಲ್ಲವಂತೆ. ಚಕ್ರದಡಿಯಿಂದ ಜಾರಿ, ಉರುಳಿಕೊಂಡು ಹೋಗಿ ಚರಂಡಿಗೆ ಬಿತ್ತಂತೆ. ಬೇರೆ ಹಣ್ಣು ಇಡುತ್ತೇನೆಂದರೆ ಯಜಮಾನರು ನಕ್ಕು ಗಾಡಿ ಎಬ್ಬಿಸಿಕೊಂಡು ಹೊರಟೇಬಿಟ್ಟರಂತೆ. ಇಂಥದ್ದನ್ನು ನಂಬುವ ಪೈಕಿಯವನಲ್ಲ ನಾನು. ಆದರೂ ರಬ್ಬರ್ ಮತ್ತೆ ಜೇಬು ಸೇರಿತು. ಆವತ್ತು ಫೋನ್ ಬರುವುದೂ ತಡವಾಯಿತು. ಅಂಗಡಿಯಲ್ಲಿ ಇಬ್ಬರೂ ಫೋನನ್ನೇ ನೋಡುತ್ತ ಕೂತಿದ್ದೆವು. ಕೊನೆಗೆ ಫೋನ್ ಹೊಡೆದುಕೊಂಡಾಗ ಅಕ್ಕನಿಗಿಂತ ಮೊದಲು ನಾನೇ ಉಸಿರು ಬಿಟ್ಟೆ.

ಕುಂಕುಮದ ರ‍್ಯಾಮನ್ನು ಇದ್ದ ಹಾಗೇ ಅದರ ಜಾಗದಲ್ಲಿ ಕೂರಿಸಿ ಬಂದೆ. ಆಮೇಲೆ ಚಾಮರಾಜನಗರಕ್ಕೆ ಹೋದಾಗಲೆಲ್ಲ ಇಣುಕುತ್ತಿದ್ದೆ. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿಗೆ ಹೋಗತೊಡಗಿದ್ದರು. ಅಕ್ಕನಿಗೆ ಅದರ ಚಿಂತೆ ಇದ್ದಂತೆ ಕಾಣಲಿಲ್ಲ. ಅವರ ಕಣ್ಣು ಫೋನಿನ ಮೇಲೇ ಇರುತ್ತಿತ್ತು. ಡಬ್ಬದ ಕಡೆ ಯಾರಾದರೂ ಕೈ ಚಾಚಿದರೆ ಎದ್ದು ನಿಲ್ಲುತ್ತಿದ್ದರು. ನೋಡಿ ನೋಡಿ ಆ ಹೆದರಿಕೆ ನನಗೂ ಅಂಟಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಚರಂಡಿಗೆ ಉರುಳುವ ಆ ನಿಂಬೆಹಣ್ಣು ಕಣ್ಣಿಗೆ ಕಟ್ಟುತ್ತಿತ್ತು...

ಚಳಿಗಾಲದ ಒಂದು ಮುಂಜಾನೆ ಘಾಟಿಯಲ್ಲಿ ಮಂಜು ದಟ್ಟವಾಗಿತ್ತಂತೆ. ತಿರುವಿನಲ್ಲಿ ಎದುರಿಗೆ ಲಾರಿ. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಯಜಮಾನರ ಮಣ್ಣೂ ಆಗಿಹೋಗಿತ್ತು.

ಹೋಗಿ ಮುಖ ತೋರಿಸಲು ಧೈರ್ಯ ಸಾಲದೆ ದಿನ ದೂಡುತ್ತಿದ್ದೆ. ಒಂದು ಮಧ್ಯಾಹ್ನ ಅಕ್ಕನೇ ಗುಂಡ್ಲುಪೇಟೆಗೆ ಬಂದರು. ಕಂಪ್ಯೂಟರ್ ಡಬ್ಬವನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಹಣೆ ಬರಿದಾಗಿತ್ತು. ಡಬ್ಬವನ್ನು ಟೇಬಲ್ಲಿನ ಮೇಲಿಟ್ಟು ಸ್ಟೂಲಿನಲ್ಲಿ ಕೂತರು.

"ಈಗ ಒರಸ್ಬುಡಪ್ಪ" ಅಂದರು.

ಉಜ್ಜಿದೆ. ಸಂದಿಯನ್ನು ಬ್ರಶ್ಶಿನಿಂದ, ಸ್ಪಿರಿಟ್ಟಿನಿಂದ ತೊಳೆದೆ. ರಬ್ಬರಿನ ಪುಡಿ ಕೆಂಪಗೆ ಉದುರಿ ಹಾಳೆಯ ಮೇಲೆ ಬೀಳುತ್ತಿತ್ತು. ಸ್ವಿಚ್ ಹಾಕಿದಾಗ ಪರದೆಯಲ್ಲಿ ಎಂಟು ಬಂತು. ಈ ಒಂದು ಸಲವಾದರೂ ಅದು ಬರದೇ ಹೋಗಬಾರದಿತ್ತೇ ಅನ್ನಿಸಿತು. ಎಲ್ಲಾ ಬಂತಾ ಅಂತ ಅಕ್ಕ ಕೇಳಿದರು. ಬಂತು ಅಂದೆ. ಅವರು ಹಾಳೆಯ ಮೇಲಿದ್ದ ಕೆಂಪು ಪುಡಿಯನ್ನು ಒಂದು ಚೂರೂ ಬಿಡದೆ ಬೆರಳಲ್ಲಿ ಒತ್ತಿ ಒತ್ತಿ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಕಂಪ್ಯೂಟರನ್ನು ಬಿಟ್ಟು ಬಸ್ಸಿಗೆ ನಡೆದರು. ನಾಳೆ ಒಯ್ಯುತ್ತಾರೆ ಅಂದುಕೊಂಡೆ. ಅವರು ಮತ್ತೆ ಬರಲಿಲ್ಲ. ಅವರ ಅಂಗಡಿಯಲ್ಲಿ ಈಗ ಬೇಕರಿ ಇದೆ. ಎಲ್ಲಿಗೆ ಹೋದರೆಂದು ಅಕ್ಕಪಕ್ಕದವರಿಗೂ ಗೊತ್ತಿಲ್ಲ.

ಟವೆಲು ಸುತ್ತಿದ ಆ ಡಬ್ಬ ನನ್ನ ಅಂಗಡಿಯ ಅಟ್ಟದ ಮೇಲೆ ಇವತ್ತಿಗೂ ಇದೆ. ಅದರ ಸಾಮಾನಿಗೆ ಗಿರಾಕಿ ಬಂದರೂ ನಾನು ಕೊಟ್ಟಿಲ್ಲ. ಬೆಳಿಗ್ಗೆ ಆ ಹುಡುಗಿಯ ಲ್ಯಾಪ್‌ಟಾಪ್ ಸರಿಹೋಯಿತು, ಎಂಟು ತೋರಿಸಿತು. ಅವಳು ಖುಷಿಯಾಗಿ ಹೊರಟಳು. ಟೇಬಲ್ಲಿನ ಮೇಲೆ ರಬ್ಬರಿನ ಪುಡಿ ಬಿದ್ದಿತ್ತು. ಯಾವತ್ತೂ ಉಫ್ ಅಂತ ಊದಿಬಿಡುವವನು ನಾನು. ಇವತ್ತು ಅದನ್ನು ಅಂಗೈಗೆ ಗುಡಿಸಿಕೊಂಡು, ಎಲ್ಲಿ ಹಾಕುವುದೆಂದು ತೋಚದೆ ಸುಮ್ಮನೆ ಕೂತಿದ್ದೆ.