ಕತ್ತೆಯಮ್ಮನ ಕೊನೆಯ ದಿನ

ಅಳತೆ ಮತ್ತು ತೂಕದ ಇಲಾಖೆಯ ಇನ್ಸ್‌ಪೆಕ್ಟರನ್ನು ಊರು ಬೆನ್ನ ಹಿಂದೆ ‘ತಕ್ಕಡಿ’ ಎನ್ನುತ್ತಿತ್ತು, ಎದುರಿಗೆ ‘ಸಾಹೇಬರೇ’ ಎನ್ನುತ್ತಿತ್ತು. ನಾವು ಎರಡನ್ನೂ ಸೇರಿಸಿ ತಕ್ಕಡಿ ಸಾಹೇಬರು ಎನ್ನೋಣ, ಯಾರಿಗೂ ಬೇಸರವಾಗುವುದು ಬೇಡ. ಅವರು ಮಾರುಕಟ್ಟೆಯ ಬೀದಿಗೆ ಕಾಲಿಟ್ಟರೆ ತರಕಾರಿಯವರ ಗಂಟಲು ಒಣಗುತ್ತಿತ್ತು. ಐದು ಗ್ರಾಂ ಸವೆದ ತೂಕದ ಕಲ್ಲು ಸಿಕ್ಕಿದರೆ ಅದನ್ನು ಕರವಸ್ತ್ರದಲ್ಲಿ ಸುತ್ತಿ, ಕೊಲೆ ನಡೆದ ಜಾಗದಲ್ಲಿ ಕತ್ತಿ ಸಿಕ್ಕಿದವರ ಗಾಂಭೀರ್ಯದಲ್ಲಿ ಎತ್ತಿ ಹಿಡಿಯುತ್ತಿದ್ದರು. ಮನೆಯಲ್ಲೂ ಅದೇ ಕಥೆ. “ಮದುವೆ ದಿನ ನನ್ನನ್ನೂ ತೂಗಿ ಎಲ್ಲಾದರೂ ಮುದ್ರೆ ಒತ್ತಿದ್ದಾರೋ ಏನೋ, ನಾನು ನೋಡ್ಕೊಂಡಿಲ್ಲ” ಎಂದು ಹೆಂಡತಿ ಬಂದವರಿಗೆಲ್ಲ ಹೇಳುತ್ತಿದ್ದಳು.

ಇಂಥ ಮನುಷ್ಯನಿಗೆ ಒಂದು ಆಟದ ಹುಚ್ಚು ಇದೆಯೆಂದರೆ ಇಲಾಖೆಯವರು ನಂಬುತ್ತಿರಲಿಲ್ಲ. ಅದು ಮೇಜಿನ ಸುತ್ತ ಕೂತು ಆಡುವ ಕಥೆಯ ಆಟ. ಒಬ್ಬ ಕಥೆ ಹೇಳುತ್ತಾನೆ: ಇಲ್ಲಿ ಕಾಡು, ಇಲ್ಲಿ ಗುಹೆ, ಗುಹೆಯೊಳಗೆ ಏನೋ ಉಸಿರಾಡುತ್ತಿದೆ. ಉಳಿದವರು ಒಂದೊಂದು ಪಾತ್ರವಾಗಿ, ಆ ಪಾತ್ರ ಏನು ಮಾಡುತ್ತದೆ, ಏನೆನ್ನುತ್ತದೆ ಎಂದು ಹೇಳುತ್ತಾ ಹೋಗುತ್ತಾರೆ. ಗೆದ್ದರೋ ಸತ್ತರೋ ಎಂಬುದು ದಾಳದ ಕೈಯಲ್ಲಿ. ಮೂವತ್ತನಾಲ್ಕು ವರ್ಷದ ಕೆಳಗೆ ಯಾರೋ ಕೊಟ್ಟ ನಿಯಮಗಳ ಪುಸ್ತಕವನ್ನು ಸಾಹೇಬರು ಓದಿ, “ಬಹಳ ಸಡಿಲ” ಎಂದು ಪಕ್ಕಕ್ಕಿಟ್ಟು, ಇನ್ನೂರ ಹನ್ನೆರಡು ನಿಯಮಗಳನ್ನು ತಾವೇ ಬರೆದರು. ಕಥೆ ಹೇಳುವವರೂ ಅವರೇ ಆದರು. ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ.

ಭಾನುವಾರ ಮಧ್ಯಾಹ್ನ ಮೂರಕ್ಕೆ ಆಟ. ಸಾಹೇಬರ ಮುಂದೆ ಅಡ್ಡಲಾಗಿ ಒಂದು ರಟ್ಟು, ಅದರ ಹಿಂದೆ ಅವರ ದಾಳ. ಎದುರಿಗೆ ಮೂವರು. ಕನ್ನಡಕದಂಗಡಿಯವನು ಯಾವಾಗಲೂ ಕತ್ತಿ ಹಿಡಿದ ವೀರನೇ ಆಗುತ್ತಿದ್ದ. ಅವನ ವೀರರು ಈವರೆಗೆ ಹತ್ತೊಂಬತ್ತು ಮಂದಿ ಸತ್ತಿದ್ದರು, ಅದರಲ್ಲಿ ಒಬ್ಬ ಬಾವಿಗೆ ಬಗ್ಗಿ ನೋಡಲು ಹೋಗಿ. ಡ್ರಾಯಿಂಗ್ ಮೇಷ್ಟ್ರು ಮಂತ್ರವಾದಿಗಳಾಗಿ ಸುಟ್ಟುಹೋಗುತ್ತಿದ್ದರು. ಮೂರನೆಯವಳು ಸಾಹೇಬರ ಅಕ್ಕ. ಮಹಡಿಯ ಮೇಲಿನ ಎರಡು ಕೋಣೆಯಲ್ಲಿ ಒಬ್ಬಳೇ ಇದ್ದಳು, ಊಟ ಮಾತ್ರ ಕೆಳಗೆ.

ಅಕ್ಕ ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟಕ್ಕೆ ಹೊರಡುತ್ತದೆ ಎಂದು ಮೈಕಿನಲ್ಲಿ ಹೇಳುವ ಕೆಲಸದಲ್ಲಿದ್ದವಳು. ಮುಖ ಯಾರಿಗೂ ಗೊತ್ತಿಲ್ಲ, ದನಿ ಊರಿಗೆಲ್ಲ ಗೊತ್ತು. ಅಂಗಡಿಯಲ್ಲಿ ಅವಳು ಬದನೆಕಾಯಿಯ ಬೆಲೆ ಕೇಳಿದರೆ ಪಕ್ಕದಲ್ಲಿ ನಿಂತವರು ಚೀಲ ಎತ್ತಿಕೊಂಡು ಹೊರಡಲು ಸಿದ್ಧರಾಗುತ್ತಿದ್ದರು. ಆಟದಲ್ಲಿ ಅವಳು ಕತ್ತೆಯಮ್ಮ. ವೀರರ ಸಾಮಾನನ್ನು ಕತ್ತೆಗಳ ಮೇಲೆ ಹೇರಿಕೊಂಡು ಗುಹೆಯ ಬಾಗಿಲವರೆಗೆ ಹೋಗುವವಳು, ಅಲ್ಲಿಂದ ಒಂದು ಹೆಜ್ಜೆಯೂ ಮುಂದಕ್ಕಿಡದವಳು.

“ನೀವು ಒಳಗೆ ಹೋಗಿ ಸತ್ತು ಬನ್ನಿ. ನಾನು ಕತ್ತೆ ನೋಡ್ಕೋತೀನಿ.”

“ಅಕ್ಕಾ, ಒಳಗೆ ನಿಧಿ ಇದೆ” ಎಂದು ಕನ್ನಡಕದವನು ಆಸೆ ಹುಟ್ಟಿಸುತ್ತಿದ್ದ.

“ಇರಲಿ ಬಿಡು. ಹೊರೋದು ನನ್ನ ಕತ್ತೆ ತಾನೇ, ಇವತ್ತು ಅದಕ್ಕೆ ಕಾಲು ನೋವು.”

ಹೀಗಾಗಿ ಕತ್ತೆಯಮ್ಮ ಸಾಯಲೇ ಇಲ್ಲ. ಇಲ್ಲಿಯ ಒಂದು ವರ್ಷ ಅಲ್ಲಿಯ ಎರಡು ವರ್ಷಕ್ಕೆ ಸಮ ಎಂಬುದು ಏಳನೆಯ ನಿಯಮ. ಇಪ್ಪತ್ತರ ಹುಡುಗಿಯಾಗಿ ಆಟಕ್ಕೆ ಬಂದವಳು ಇಪ್ಪತ್ತೈದು ವರ್ಷದಲ್ಲಿ ಎಪ್ಪತ್ತಕ್ಕೆ ಮುಟ್ಟಿದಳು. ಅಲ್ಲಿಗೆ ಇನ್ನೂರ ಆರನೆಯ ನಿಯಮ ಎದ್ದು ಕೂತಿತು: ಎಪ್ಪತ್ತು ದಾಟಿದವರಿಗಾಗಿ ವರ್ಷದ ಮೊದಲ ಭಾನುವಾರ ಕಥೆಗಾರನು ರಟ್ಟಿನ ಹಿಂದೆ ಎರಡು ದಾಳ ಹಾಕತಕ್ಕದ್ದು, ಎರಡರಲ್ಲೂ ಒಂದೇ ಸಂಖ್ಯೆ ಬಿದ್ದರೆ ಆ ಪಾತ್ರ ವಯಸ್ಸಾಗಿ ಸತ್ತಂತೆ. ಬರೆದಾಗ ಸಾಹೇಬರಿಗೆ ಇಪ್ಪತ್ತಾರು. ಆ ವಯಸ್ಸಿನಲ್ಲಿ ಮುಪ್ಪು ಎಂಬುದು ಬೇರೆ ಇಲಾಖೆಯ ಕೆಲಸ.

ಐದು ವರ್ಷ ದಾಳ ಬೇರೆಬೇರೆಯಾಗಿಯೇ ಬಿತ್ತು. ಆರನೆಯ ವರ್ಷ ಅಕ್ಕನಿಗೆ ನಿವೃತ್ತಿಯಾಯಿತು. ಅವಳ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ, ಒಂದು ಯಂತ್ರ ತಂದಿಟ್ಟರು. ಅದಾದ ನಾಲ್ಕನೇ ದಿನಕ್ಕೆ ವರ್ಷದ ಮೊದಲ ಭಾನುವಾರ. ಅಕ್ಕ ಬೇಗ ಬಂದು ಕೂತಿದ್ದಳು. “ಇನ್ನು ನನಗೆ ಉಳಿದಿರೋದು ಇದೊಂದೇ ಡ್ಯೂಟಿ ಕಣೋ” ಎಂದು ನಕ್ಕಳು. ಸಾಹೇಬರು ರಟ್ಟಿನ ಹಿಂದೆ ದಾಳ ಹಾಕಿದರು. ನಾಲ್ಕು. ಇನ್ನೊಂದೂ ನಾಲ್ಕು.

“ಐದು ಮತ್ತು ಮೂರು” ಎಂದರು. “ಬದುಕಿದಳು.”

ಜೀವಮಾನದಲ್ಲಿ ಮೊದಲನೇ ಸಲ ಅವರು ತೂಕ ತಪ್ಪಿಸಿದ್ದರು. ಮಾರನೇ ದಿನ ಮಾರುಕಟ್ಟೆಯಲ್ಲಿ ಈರುಳ್ಳಿಯವನ ಸವೆದ ಕಲ್ಲನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿ ಅಲ್ಲೇ ಇಟ್ಟು ಹೋದರು. ಸಾಹೇಬರಿಗೆ ಮೈ ಸರಿಯಿಲ್ಲವೆಂದು ಬೀದಿಯಲ್ಲೆಲ್ಲ ಸುದ್ದಿಯಾಯಿತು. ಆಮೇಲಿನ ವರ್ಷಗಳಲ್ಲಿ ರಟ್ಟಿನ ಹಿಂದೆ ದಾಳವನ್ನು ಅಂಗೈಯಲ್ಲಿ ಕುಲುಕಿ ಸದ್ದು ಮಾಡುತ್ತಿದ್ದರೇ ಹೊರತು ಕೆಳಗೆ ಹಾಕುತ್ತಿರಲಿಲ್ಲ. ಸತ್ತವಳಿಗೆ ಮತ್ತೆ ದಾಳ ಹಾಕಲು ಇನ್ನೂರ ಹನ್ನೆರಡರಲ್ಲಿ ಯಾವ ನಿಯಮವೂ ಇರಲಿಲ್ಲ.

ಅಕ್ಕನಿಗೆ ಅರವತ್ತೊಂದು ತುಂಬಿದಾಗ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಆಯಿತು. ಗಡ್ಡೆಯ ಜೊತೆ ದನಿಯ ಪೆಟ್ಟಿಗೆಯನ್ನೂ ತೆಗೆದರು. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು ಮನೆಗೆ ಬಂದವಳು ಸ್ಲೇಟು ತರಿಸಿದಳು. ಮೊದಲು ಬರೆದದ್ದು: “ಇನ್ಮೇಲೆ ಜಗಳದಲ್ಲಿ ನೀವೆಲ್ಲ ಗೆಲ್ತೀರ. ನಾನು ಬರೆಯೋಷ್ಟರಲ್ಲಿ ಎದ್ದು ಹೋಗಿರ್ತೀರ.” ಎಂಟು ತಿಂಗಳಾದ ಮೇಲೆ ಗಡ್ಡೆ ಬೇರೆ ಕಡೆ ಕಾಣಿಸಿತು. ಈ ಸಲ ಡಾಕ್ಟರು ಆಪರೇಷನ್ ಮಾತೆತ್ತಲಿಲ್ಲ. ಮಳೆಗಾಲ ಕಳೆದರೆ ಹೆಚ್ಚು ಎಂದು ಸಾಹೇಬರನ್ನು ಹೊರಗೆ ಕರೆದು ಹೇಳಿದರು. ಹೊರಗೆ ಕರೆದದ್ದನ್ನು ಅಕ್ಕ ಒಳಗಿನಿಂದ ನೋಡಿದಳು, ಅವಳಿಗೆ ಅಷ್ಟು ಸಾಕಾಯಿತು.

ಮುಂದಿನ ಭಾನುವಾರ ಎಲ್ಲರೂ ಕೂತಾಗ ಅವಳು ಸ್ಲೇಟನ್ನು ತಮ್ಮನ ಕಡೆಗೆ ತಳ್ಳಿದಳು.

“ಕತ್ತೆಯಮ್ಮ ಸಾಯಬೇಕು. ನಾನಿರುವಾಗಲೇ.”

ಸಾಹೇಬರು ಕನ್ನಡಕ ತೆಗೆದು ಒರೆಸಿದರು. “ಅದು ನಮ್ಮ ಕೈಲಿಲ್ಲ ಅಕ್ಕ. ದಾಳ ಹೇಳಬೇಕು.”

“ಹಾಗಾದ್ರೆ ಇವತ್ತೇ ಹಾಕು.”

“ವರ್ಷದ ಮೊದಲ ಭಾನುವಾರ ಅಂತ ಇದೆ. ಇವತ್ತು ಹಾಕಿದರೆ ನಿಯಮಕ್ಕೆ ಬೆಲೆ ಏನು ಉಳೀತು?”

“ಅಯ್ಯೋ, ನಿಯಮವನ್ನ ಒಲೆಗೆ ಹಾಕಿ” ಎಂದಳು ಹೆಂಡತಿ, ಚಹಾದ ಲೋಟಗಳನ್ನು ಇಡುತ್ತಾ. “ಅತ್ತಿಗೆ ಕೇಳ್ತಿರೋದು ಏನು ದೊಡ್ಡ ವಿಷಯ?”

“ನಿನಗೆ ಆಟ ಅರ್ಥ ಆಗಲ್ಲ.”

“ಆಟ ಅರ್ಥ ಆಗಲ್ಲ. ಅತ್ತಿಗೆ ಅರ್ಥ ಆಗ್ತಾರೆ.”

ಅಕ್ಕ ಸ್ಲೇಟನ್ನು ಒರೆಸಿ ಇನ್ನೊಮ್ಮೆ ಬರೆದಳು. ನಿಧಾನವಾಗಿ ಬರೆದಳು.

“ನಾನು ಹೋದ ಮೇಲೆ ಅವಳ ಮಾತನ್ನ ನೀನು ಆಡ್ತೀಯ. ಅವಳ ಕೈಲಿ ಭಾಷಣ ಮಾಡಿಸ್ತೀಯ. ನನಗದು ಬೇಡ.”

ಕನ್ನಡಕದವನಿಗೆ ನಗು ಬಂತು, ಬಂದ ನಗು ಅರ್ಧದಲ್ಲಿ ಕೆಟ್ಟಿತು. ಸಾಹೇಬರು ರಟ್ಟನ್ನು ಮಡಚಿ ಪಕ್ಕಕ್ಕಿಟ್ಟರು. ಮೂವತ್ತನಾಲ್ಕು ವರ್ಷದಲ್ಲಿ ಆ ಮೇಜಿನ ಮೇಲೆ ಅವರ ಕೈಗಳನ್ನು ಯಾರೂ ಪೂರ್ತಿ ನೋಡಿರಲಿಲ್ಲ. ಎರಡು ಸಾಧಾರಣ ಕೈಗಳು.

“ಅವಳು ಸತ್ತಾಗಿದೆ ಅಕ್ಕ. ನಾಲ್ಕು ವರ್ಷ ಆಯ್ತು. ನಾಲ್ಕು-ನಾಲ್ಕು ಬಿದ್ದಿತ್ತು. ನಾನು ಸುಳ್ಳು ಹೇಳಿದೆ.”

ಅಕ್ಕ ತಮ್ಮನನ್ನು ನೋಡಿದಳು. ಬೆರಳಲ್ಲಿ ವರ್ಷಗಳನ್ನು ಹಿಂದಕ್ಕೆ ಎಣಿಸಿದಳು. ಆಮೇಲೆ ಬಳಪ ಎತ್ತಿಕೊಂಡಳು.

“ಆಗ ನನಗೆ ದನಿ ಇತ್ತು.”

ಆ ಮಾತಿನ ಅರ್ಥ ಮೇಜಿನ ಸುತ್ತ ಇದ್ದ ಎಲ್ಲರಿಗೂ ಗೊತ್ತಿತ್ತು. ನಿಯಮದ ಪ್ರಕಾರ, ವಯಸ್ಸಾಗಿ ಸತ್ತ ಪಾತ್ರದ ಕೊನೆಯ ದಿನವನ್ನು ಅದರ ಒಡೆಯನೇ ಬೆಳಗಿನಿಂದ ಕೊನೆವರೆಗೆ ಹೇಳಬೇಕು. ದಾಳವಿಲ್ಲ, ಅಡ್ಡ ಮಾತಿಲ್ಲ. ಉಳಿದವರು ‘ಆಮೇಲೆ?’ ಎಂದು ಮಾತ್ರ ಕೇಳಬಹುದು. ಅಷ್ಟು ದಿನ ಬದುಕಿದ ಪಾತ್ರವೇ ಇಲ್ಲದ್ದರಿಂದ ಆ ನಿಯಮವನ್ನು ಯಾರೂ ಬಳಸಿರಲಿಲ್ಲ. ಅಕ್ಕ ಅದನ್ನು ನಾಲ್ಕು ವರ್ಷದ ಕೆಳಗೆ, ಊರಿಗೆಲ್ಲ ಕೇಳಿಸಿದ ಆ ದನಿಯಲ್ಲಿ ಹೇಳಬಹುದಿತ್ತು. ಉಳಿಸುತ್ತಿದ್ದೇನೆ ಅಂದುಕೊಂಡು ಸಾಹೇಬರು ಕಸಿದುಕೊಂಡಿದ್ದರು.

“ಸಿಟ್ಟು ಬಂದಿದ್ರೆ ಬಯ್ಯಿ ಅಕ್ಕ, ಬರೆದಾದರೂ ಬಯ್ಯಿ.”

ಅಕ್ಕ ಬಯ್ಯಲಿಲ್ಲ. ಬೆರಳನ್ನು ತಮ್ಮನ ಕಡೆ ತೋರಿಸಿದಳು: ನೀನು ಹೇಳು. ಆಮೇಲೆ ಅದೇ ಬೆರಳಲ್ಲಿ ಮೇಜನ್ನು ಒಮ್ಮೆ ಕುಟ್ಟಿ ತಲೆಯಾಡಿಸಿದಳು: ತಪ್ಪಿದರೆ ಹೀಗೆ.

ಸಾಹೇಬರು ಗಂಟಲು ಸರಿಮಾಡಿಕೊಂಡರು. “ಅಂದು ಮೂಡಣದಲ್ಲಿ ಸೂರ್ಯನು ರಕ್ತವರ್ಣದ...”

ಟಕ್.

“ಬೆಳಗಾಯಿತು” ಎಂದರು ಸಾಹೇಬರು.

“ಆಮೇಲೆ?” ಎಂದರು ಡ್ರಾಯಿಂಗ್ ಮೇಷ್ಟ್ರು.

“ಕತ್ತೆಯಮ್ಮ ಎದ್ದಳು. ಏಳು ರಾಜ್ಯದ ದೊರೆಗಳು ಸುದ್ದಿ ತಿಳಿದು...”

ಟಕ್.

“ಯಾರೂ ಬರಲಿಲ್ಲ. ಕತ್ತೆಗಳಿಗೆ ಹುಲ್ಲು ಹಾಕಿದಳು. ಅವು ಅವಳ ಮುಖ ನೋಡಿ ಕಣ್ಣೀರು...”

ಟಕ್, ಟಕ್.

“ಕತ್ತೆ ಅಳಲ್ಲ ಕಣ್ರೀ” ಎಂದಳು ಹೆಂಡತಿ ಬಾಗಿಲಲ್ಲಿ ನಿಂತು, ಸೆರಗಿನ ತುದಿಯನ್ನು ಮೂಗಿಗೆ ಒತ್ತಿಕೊಂಡು.

“ಹುಲ್ಲು ತಿಂದವು” ಎಂದರು ಸಾಹೇಬರು. ಅವರ ದನಿಯಲ್ಲಿದ್ದ ಅಲಂಕಾರವೆಲ್ಲ ಒಂದೊಂದಾಗಿ ಉದುರಿತ್ತು. “ಒಂದು ಕತ್ತೆ ಕುಂಟುತ್ತಿತ್ತು. ಅದರ ಕಾಲನ್ನು ತೊಡೆ ಮೇಲಿಟ್ಟುಕೊಂಡು ಗೊರಸಿಗೆ ಸಿಕ್ಕಿದ್ದ ಕಲ್ಲು ತೆಗೆದಳು.”

ಬೆರಳು ಸುಮ್ಮನಿತ್ತು.

“ಆಮೇಲೆ?”

“ಹಗ್ಗ ಹೊಸೆದಳು. ಗಂಜಿ ಕುಡಿದಳು. ಮಧ್ಯಾಹ್ನ ಕತ್ತೆಗಳನ್ನ ನೀರಿಗೆ ಹೊಡ್ಕೊಂಡು ಹೋದಳು. ಬಂದ ಮೇಲೆ ಕೊಟ್ಟಿಗೆ ಗುಡಿಸಿದಳು. ಇನ್ನೊಂದು ಹಗ್ಗ ಹೊಸೆದಳು. ಜೀನು ಹೊಲಿಯೋದಿತ್ತು, ಹೊಲಿದಳು. ಮತ್ತೆ ಕತ್ತೆಗಳನ್ನ ನೀರಿಗೆ...”

ಟಕ್. ಮೆಲ್ಲಗೆ.

ದಿನವನ್ನು ಉದ್ದ ಮಾಡುತ್ತಿರುವುದು ಸಿಕ್ಕಿಬಿದ್ದಿತ್ತು. ಸಾಹೇಬರು ಮೇಜಿನ ಅಂಚನ್ನು ಹಿಡಿದುಕೊಂಡರು. ಯಾರೂ ‘ಆಮೇಲೆ’ ಎನ್ನಲಿಲ್ಲ. ಕನ್ನಡಕದವನು ಕಿಟಕಿಯ ಕಡೆ ತಿರುಗಿ ಕೂತಿದ್ದ. ಕೊನೆಗೆ ಅಕ್ಕನೇ ತುಟಿಯಾಡಿಸಿದಳು. ದನಿ ಬರಲಿಲ್ಲ, ಮಾತು ಮಾತ್ರ ಕಾಣಿಸಿತು. ಆಮೇಲೆ?

“ಸಂಜೆ ಕತ್ತೆಗಳ ಪಕ್ಕದಲ್ಲಿ ಹುಲ್ಲಿನ ಮೇಲೆ ಒರಗಿದಳು. ಬೆನ್ನಿಗೆ ಹಾಯೆನಿಸಿತು. ಮತ್ತೆ ಏಳಲಿಲ್ಲ.”

ಅವರು ಅಕ್ಕನ ಬೆರಳನ್ನೇ ನೋಡುತ್ತಾ ಕಾದರು. ಅದು ಏಳಲಿಲ್ಲ.

ಪಾತ್ರಗಳ ದಪ್ಪ ಪುಸ್ತಕ ಗೂಡಿನಿಂದ ಕೆಳಗಿಳಿಯಿತು. ಸತ್ತವರ ಹೆಸರಿನ ಎದುರಿಗೆ ತಾರೀಕು ಮತ್ತು ಕಾರಣ ಬರೆಯುವುದು ವಾಡಿಕೆ. ಸಾಹೇಬರು ಪ್ರಾಮಾಣಿಕವಾಗಿ ನಾಲ್ಕು ವರ್ಷ ಹಿಂದಿನ ತಾರೀಕು ಬರೆದರು. ಅಕ್ಕ ಪೆನ್ನು ಕಿತ್ತುಕೊಂಡು ಅದನ್ನು ಹೊಡೆದುಹಾಕಿ ಇವತ್ತಿನ ತಾರೀಕು ಹಾಕಿದಳು. ಸ್ಲೇಟಿನಲ್ಲಿ ವಿವರಣೆಯನ್ನೂ ಕೊಟ್ಟಳು: “ನಾಲ್ಕು ವರ್ಷ ಕತ್ತೆ ಮೇಯಿಸಿದ್ದು ಯಾರು, ನಿನ್ನ ದಾಳವಾ?”

ಕಾರಣದ ಸಾಲಿನಲ್ಲಿ, ಹಿಂದಿನ ಪುಟಗಳ ತುಂಬ, ಕತ್ತಿ, ಬೆಂಕಿ, ವಿಷ, ಬಾವಿ. ಅಕ್ಕ ಅಲ್ಲಿಯೂ ತಾನೇ ಬರೆದಳು, ಗುಂಡಗಿನ ಅಕ್ಷರದಲ್ಲಿ: ವಯಸ್ಸಾಗಿತ್ತು.

ಬರೆದು, ಆ ಒಂದು ಪದವನ್ನು ತುಂಬ ಹೊತ್ತು ನೋಡಿದಳು. ತನಗೆ ದಕ್ಕದ ಸೀರೆಯನ್ನು ಅಂಗಡಿಯಲ್ಲಿ ಮುಟ್ಟಿ ನೋಡುವವರ ಹಾಗೆ ಅದರ ಮೇಲೆ ಬೆರಳಾಡಿಸಿದಳು. ಶಾಯಿ ಒಣಗಿರಲಿಲ್ಲ, ಬೆರಳಿಗೆ ಹತ್ತಿತು. ಅಕ್ಕನಿಗೆ ಅರವತ್ತೆರಡು. ಇನ್ನು ಕೆಲವು ವಾರಗಳಲ್ಲಿ ಸಾಹೇಬರು ಯಾವುದೋ ಕಚೇರಿಯ ಕಿಟಕಿಯಲ್ಲಿ ನಿಂತು ಒಂದು ಅರ್ಜಿ ತುಂಬಬೇಕಾಗುತ್ತದೆ. ಅದರಲ್ಲೂ ಕಾರಣ ಎಂಬ ಸಾಲಿರುತ್ತದೆ, ಅಲ್ಲಿ ಅವರು ಈ ಪದವನ್ನು ಬರೆಯುವಂತಿರುವುದಿಲ್ಲ.