ಹುಸೇನಪ್ಪನ ಸೂಜಿ, ನಮ್ಮ ಬೇಯದ ಬೇಳೆ

ಹಿಂದೂಪುರದ ನಮ್ಮ ಮನೆಯ ಮೇಲೆ ಸೋಲಾರ್ ಹಾಕಿಸಿದಾಗಿನಿಂದ ಅಡುಗೆಮನೆಯ ಆಡಳಿತ ಆಕಾಶದ ಕೈಗೆ ಹೋಗಿದೆ. ಕರೆಂಟ್ ಒಲೆಯ ಮೇಲೆ ಕುಕ್ಕರ್ ಇಡುವ ಮೊದಲು ನನ್ನ ಹೆಂಡತಿ ಫೋನ್ ನೋಡುತ್ತಾಳೆ. ಬಿಸಿಲು ಎಷ್ಟು ಬಿದ್ದಿದೆ, ಕರೆಂಟ್ ಎಷ್ಟು ಹುಟ್ಟಿದೆ ಎಂದೆಲ್ಲ ಅದು ಹೇಳುತ್ತದಂತೆ. ಇವತ್ತು ಬೆಳಿಗ್ಗೆ ಪಲ್ಯದ ಒಗ್ಗರಣೆಗೆ ಇಂಗು ಬಿದ್ದು ಮನೆಯೆಲ್ಲ ಘಮ್ಮೆಂದ ಹೊತ್ತಿಗೇ ಮೋಡ ಕವಿಯಿತು. "ಮೋಡ ಹೋಗ್ಲಿ ತಡೀರಿ, ಆಮೇಲೆ ಸಾರಿಗಿಡ್ತೀನಿ" ಎಂದಳು. ನಾನು ನಕ್ಕುಬಿಟ್ಟೆ. ಅವಳಿಗೆ ಸಿಟ್ಟು ಬಂತು. ಆದರೆ ನಾನು ನಕ್ಕಿದ್ದು ಅವಳಿಗಲ್ಲ. ಇಂಗಿನ ವಾಸನೆ ನನ್ನನ್ನು ಆಗಲೇ ಕಲ್ಯಾಣದುರ್ಗಕ್ಕೆ, ಸಿದ್ದಮ್ಮತ್ತೆಯ ಮನೆಗೆ ಎಳೆದೊಯ್ದಿತ್ತು.

ಸಿದ್ದಮ್ಮತ್ತೆ ನಮ್ಮಪ್ಪನ ತಂಗಿ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಒಂದು ಮನೆ, ಅದಕ್ಕೊಂದು ಮಾಳಿಗೆ, ಯಾರಿಗೂ ಹೆದರದ ಒಂದು ನಾಲಿಗೆ, ಇಷ್ಟು ಅವಳ ಆಸ್ತಿ. ಕಲ್ಯಾಣದುರ್ಗದ ಕಡೆ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿದ್ದ ಒಂದು ಕಂಪನಿಯಲ್ಲಿ ನನಗೆ ಉಗ್ರಾಣದ ಗುಮಾಸ್ತಿಕೆ ಸಿಕ್ಕಿ, ಅವಳ ಮನೆಯಲ್ಲೇ ಉಳಿದುಕೊಂಡೆ. ನಟ್ಟು ಬೋಲ್ಟು ಕಾಯುವುದು ನನ್ನ ಕೆಲಸ. ಆದರೂ ಊರಿಗೆ ಬಂದಾಗಲೆಲ್ಲ ಆ ರೆಕ್ಕೆಗಳನ್ನು ನಾನೇ ಊದಿ ತಿರುಗಿಸುತ್ತೇನೆ ಎಂಬ ಹಾಗೆ ಮಾತಾಡುತ್ತಿದ್ದೆ.

ಆ ಗತ್ತೆಲ್ಲ ಅತ್ತೆಯ ತಟ್ಟೆಯ ಮುಂದೆ ನಡೆಯುತ್ತಿರಲಿಲ್ಲ. ಮಹಿಳಾ ಸಂಘದಲ್ಲಿ ತೋರಿಸಲೆಂದು ಯಾರೋ ತಂದ ಬಿಸಿಲೊಲೆಯೊಂದು ಯಾರಿಗೂ ಬೇಡವಾಗಿ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಅವಳು ಮನೆಗೆ ಹೊರಿಸಿಕೊಂಡು ಬಂದು ಮಾಳಿಗೆಯ ಮೇಲೆ ಇಟ್ಟಿದ್ದಳು. ಅದೊಂದು ಅಗಲವಾದ ಪೆಟ್ಟಿಗೆ. ಒಳಗೆ ಕಪ್ಪು ಬಳಿದ ಡಬ್ಬಿಗಳು, ಮೇಲೆ ಗಾಜು, ಎತ್ತಿ ನಿಲ್ಲಿಸುವ ಮುಚ್ಚಳದೊಳಗೆ ಒಂದು ಕನ್ನಡಿ. ಕನ್ನಡಿ ಬಿಸಿಲನ್ನು ಪೆಟ್ಟಿಗೆಯೊಳಕ್ಕೆ ಬಗ್ಗಿಸಬೇಕು, ಸೂರ್ಯ ಸರಿದಂತೆ ಪೆಟ್ಟಿಗೆಯನ್ನೂ ಸರಿಸಬೇಕು, ಆಗ ಬೇಳೆ ಬೇಯುತ್ತದೆ.

ಮೊದಲ ವಾರದ ಸಾರು ಅಮೃತವಾಗಿತ್ತು. ಎರಡನೆಯ ವಾರ ಎದುರಂಗಡಿಯ ಟೈಲರ್ ಹುಸೇನಪ್ಪ ಬೀದಿಯಲ್ಲಿ ನಿಂತು ಕೂಗಿದ.

"ಅಕ್ಕಾ, ನಿನ್ ಕನ್ನಡಿ ಬಿಸ್ಲು ಸೀದಾ ಬಂದು ನನ್ ಮಿಷನ್ ಮ್ಯಾಲೆ ಬೀಳ್ತೈತೆ!"

ಜಗಳಕ್ಕೇ ಬಂದನೆಂದು ಅತ್ತೆ ಸೆರಗು ಸಿಕ್ಕಿಸಿಕೊಂಡು ಮಾಳಿಗೆ ಹತ್ತಿ ಕನ್ನಡಿಯನ್ನು ಆಚೆ ತಿರುಗಿಸಿದಳು. ಹುಸೇನಪ್ಪ ಬಾಯಿ ಬಡಿದುಕೊಂಡ. "ಅಯ್ಯೋ, ತಿರುಗಿಸ್ಬ್ಯಾಡಕ್ಕಾ! ಮೊದ್ಲಿನಂಗೇ ಇಡು. ಒಂಚೂರು ಎಡಕ್ಕೆ... ಇನ್ನೊಂಚೂರು... ಚಾಲಕ್ಕಾ, ಆಡೇ ಉಂಡನೀ!" ಸಾಕು, ಅಲ್ಲೇ ಇರಲಿ ಎಂದು ಅವನು ತೆಲುಗಿನಲ್ಲಿ ಬೇಡಿಕೊಂಡ.

ಅವನ ಅಂಗಡಿಯ ಬಾಗಿಲು ಉತ್ತರಕ್ಕಿತ್ತು. ಒಳಗೆ ನಡುಹಗಲಲ್ಲೂ ಮಬ್ಬು. ಬಲ್ಬೊಂದಿತ್ತು, ಕರೆಂಟ್ ಬಂದರೆ ಬಂತು. "ದಾರ ಪೋಣಿಸೋಕೆ ಒಂಚೂರು ಬೆಳ್ಕು ಅಷ್ಟೇ ಅಕ್ಕಾ" ಎಂದ.

ಇಲ್ಲಿಂದ ನಮ್ಮ ಕಷ್ಟ ಶುರುವಾಯಿತು. ಕನ್ನಡಿ ಪೆಟ್ಟಿಗೆಯ ಕಡೆ ನೋಡಿದರೆ ಸಾರಾಗುತ್ತದೆ, ಹುಸೇನಪ್ಪನ ಕಡೆ ನೋಡಿದರೆ ರವಿಕೆಯಾಗುತ್ತದೆ. ಎರಡೂ ಒಟ್ಟಿಗೆ ಆಗುವಂಥದ್ದಲ್ಲ. ಅತ್ತೆ ಯಾರನ್ನೂ ಕೇಳದೆ ರವಿಕೆಯ ಪಕ್ಷ ಸೇರಿದಳು. ಲಗ್ನದ ದಿನಗಳು ಹತ್ತಿರ ಬಂದಷ್ಟೂ ನಮ್ಮ ತೊಗರಿಬೇಳೆ ಗಟ್ಟಿಯಾಗುತ್ತ ಹೋಯಿತು. ಸೌಟಿನಿಂದ ಬಡಿಸಿದರೆ ತಟ್ಟೆ ಟಣಟಣ ಎನ್ನುತ್ತಿತ್ತು. ಊರಲ್ಲಿ ಆ ವಾರ ಎಷ್ಟು ಮದುವೆ ಎಂಬುದನ್ನು ನಾನು ದವಡೆ ನೋವಿನಿಂದಲೇ ಹೇಳಬಲ್ಲವನಾಗಿದ್ದೆ.

"ಅತ್ತೆ, ಗ್ಯಾಸ್ ಮೇಲೆ ಇಡಬಾರದಾ?" ಎಂದು ಕೇಳಿದೆ.

"ಗ್ಯಾಸು ರೊಟ್ಟಿಗೆ, ಕಾಪಿಗೆ. ಬಿಸ್ಲು ಬಿಟ್ಟಿ ಬೀಳ್ತಾ ಇರುವಾಗ ಬೆಂಕಿ ಯಾಕ್ಲಾ? ಗಾಳಿ ತಿರುಗಿಸೋ ಗಂಡ್ಸು ನೀನು, ಒಂದು ಬ್ಯಾಳೆ ಅಗಿಯೋಕಾಗಲ್ವಾ?"

ಇದಕ್ಕಿಂತ ವಿಚಿತ್ರವೆಂದರೆ, ಮಧ್ಯಾಹ್ನ ಹುಸೇನಪ್ಪನಿಗೂ ಒಂದು ಬಟ್ಟಲು ಸಾರು ಹೋಗುತ್ತಿತ್ತು. ಅವನು ಬಟ್ಟಲು ವಾಪಸು ಕೊಡುತ್ತ ಬಹಳ ಕಾಳಜಿಯಿಂದ ಹೇಳುತ್ತಿದ್ದ: "ಅಕ್ಕಾ, ಬ್ಯಾಳೆ ಬೆಂದಿಲ್ಲ. ಪೆಟ್ಟಿಗೆ ಕೆಟ್ಟೈತೇನೋ ನೋಡ್ಸು." ಅತ್ತೆ "ನೋಡುಸ್ತೀನಿ ಕಣಪ್ಪ" ಎನ್ನುತ್ತಿದ್ದಳೇ ಹೊರತು ಕಾರಣ ಹೇಳುತ್ತಿರಲಿಲ್ಲ. ಸೋಮವಾರ ಅವಳಿಗೆ ಉಪವಾಸ, ನನಗೆ ಹೋಟೆಲು. ಆವತ್ತೂ ಖಾಲಿ ಪೆಟ್ಟಿಗೆಯನ್ನು ಬಿಸಿಲಿಗಿಟ್ಟು ಅರ್ಧ ಗಂಟೆಗೊಮ್ಮೆ ಮೆಟ್ಟಿಲು ಹತ್ತಿ ತಿರುಗಿಸುತ್ತಿದ್ದಳು. ಎದುರಂಗಡಿಯ ಬೆಳಕಿಗಾಗಿ ಇಷ್ಟೊಂದು ಒದ್ದಾಟವೇ, ಅವಳ ತಲೆ ಕೆಟ್ಟಿದೆಯೇ ಎಂದು ನಾನು ನಿಜವಾಗಿಯೂ ಚಿಂತಿಸಿದೆ.

ಒಂದು ದಿನ ತಡೆಯಲಾಗಲಿಲ್ಲ. ಉಗ್ರಾಣದಿಂದ ಒಂದು ತುಂಡು ತಂತಿ ಜೇಬಿಗಿಳಿಸಿಕೊಂಡು ಬಂದೆ. ಮರುದಿನ ನನಗೆ ರಜೆ, ಅತ್ತೆ ಪೆಟ್ಟಿಗೆಯಲ್ಲಿ ಬೇಳೆ ಇಟ್ಟು ಸಂಘಕ್ಕೆ ಹೋಗಿದ್ದಳು. ಮಾಳಿಗೆ ಹತ್ತಿ ಕನ್ನಡಿಯನ್ನು ಪೆಟ್ಟಿಗೆಯ ಕಡೆ ಸರಿಯಾಗಿ ಬಗ್ಗಿಸಿ, ಅಲುಗದಂತೆ ಬಿಗಿದೆ. ಸೂರ್ಯ ಸರಿದಾಗ ಪೆಟ್ಟಿಗೆಯನ್ನೂ ಸರಿಸಿದೆ. ಬೇಳೆ ಬೆಣ್ಣೆಯಂತೆ ಕರಗಿತು. ನಾನೇ ಒಗ್ಗರಣೆ ಹಾಕಿ ಎರಡು ಮುದ್ದೆ ಮುಗಿಸಿ ಮೂರನೆಯದನ್ನು ಮುರಿಯುವಾಗ ಬೀದಿಯಲ್ಲಿ ಗಲಾಟೆ ಕೇಳಿಸಿತು.

ಓಡಿಹೋಗಿ ನೋಡಿದರೆ, ಮದುಮಗಳ ತಾಯಿಯೊಬ್ಬಳು ಹಸಿರು ರೇಷ್ಮೆ ರವಿಕೆ ಹಿಡಿದು ಎಳೆಯುತ್ತಿದ್ದಾಳೆ. ರವಿಕೆಯ ಹಿಂದೆ ಹುಸೇನಪ್ಪನೂ ಬರುತ್ತಿದ್ದಾನೆ.

"ಬಿಡಣ್ಣಾ ರವಿಕೆ!"

"ನಾನೆಲ್ಲಿ ಹಿಡ್ಕಂಡಿದ್ದೀನಿ ತಾಯಿ? ಅದೇ ನನ್ ಹಿಡ್ಕಂಡೈತೆ!"

ಮಬ್ಬಿನಲ್ಲಿ ಅವನು ರವಿಕೆಯ ತೋಳನ್ನು ತನ್ನ ಅಂಗಿಯ ಅಂಚಿಗೇ ಸೇರಿಸಿ ಹೊಲಿದಿದ್ದ, ಅದೂ ಎರಡು ಸಾಲು, ಬಹಳ ಭದ್ರವಾಗಿ. ಬೀದಿಯೆಲ್ಲ ನಗುತ್ತಿತ್ತು. ಅಷ್ಟರಲ್ಲಿ ಸಂಘದಿಂದ ಬಂದ ಅತ್ತೆ ಮಾತ್ರ ನಗಲಿಲ್ಲ. ಕತ್ತರಿ ತೆಗೆದುಕೊಂಡು ಒಂದೊಂದೇ ಹೊಲಿಗೆ ಬಿಚ್ಚುತ್ತ ಮೆಲ್ಲಗೆ ಕೇಳಿದಳು. "ಕಣ್ಣು ಎಷ್ಟು ದಿನದಿಂದ ಹಿಂಗೈತೆ ಹುಸೇನಪ್ಪ?"

ಅವನು ತಲೆ ತಗ್ಗಿಸಿದ. "ಎರಡು ವರ್ಷ ಆಯ್ತಕ್ಕಾ. ಬರೀ ಮಂಜು. ಹೇಳ್ಬುಟ್ರೆ ನಂಗೆ ಬಟ್ಟೆ ಯಾರು ಕೊಡ್ತಾರೆ?"

ನಗು ನಿಂತಿತು. ಮದುಮಗಳ ತಾಯಿ ಗೊಣಗುತ್ತಲೇ ಸೂಜಿಗೆ ದಾರ ಪೋಣಿಸಿ ಅವನ ಕೈಗೆ ಕೊಟ್ಟಳು. ಮನೆಗೆ ಬಂದ ಅತ್ತೆ ಮಾಳಿಗೆ ಹತ್ತಿ ತಂತಿಯನ್ನು ನೋಡಿದಳು. "ಬ್ಯಾಳೆ ಬೆಂದಿತ್ತಾ?" ಎಂದಳು. "ಬೆಂದಿತ್ತು" ಎಂದೆ. "ಹೂಂ" ಎಂದಳು, ಅಷ್ಟೇ. ಎರಡು ಮುದ್ದೆ ಸಲೀಸಾಗಿ ಕರಗಿದವು, ಆ ಒಂದು "ಹೂಂ" ಮಾತ್ರ ವಾರವಾದರೂ ಕರಗಲಿಲ್ಲ.

ಕೊನೆಗೆ ನಾನೇ ರಜೆ ಹಾಕಿ ಹುಸೇನಪ್ಪನನ್ನು ಹಿಂದೂಪುರಕ್ಕೆ ಕರೆದುಕೊಂಡು ಬಂದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು ಡಾಕ್ಟರು. ಮೊದಲು ಒಂದು ಕಣ್ಣಿನ ಆಪರೇಷನ್ ಆಯಿತು. ನಮ್ಮಮ್ಮ ಮೆತ್ತಗೆ ಬೇಯಿಸಿದ ಬೇಳೆಯ ಊಟ ಹಾಕಿದಳು. ಅವನು ತುಂಬ ಸಂಕೋಚದಿಂದ "ತಾಯಿ, ಇದು ಕೆಟ್ಟೋಗೈತೇನೋ, ಹಲ್ಲಿಗೇ ಸಿಗ್ತಿಲ್ಲ" ಎಂದ. ಕಣ್ಣಿನ ಪಟ್ಟಿ ಬಿಚ್ಚಿದ ದಿನ ನಾನು ಎದುರಿಗೆ ನಿಂತಿದ್ದೆ. ಹುಸೇನಪ್ಪ ಕಣ್ಣು ಪಿಳಿಪಿಳಿ ಮಾಡಿ ನನ್ನ ಮುಖ ಬಿಟ್ಟು ಕೊರಳನ್ನೇ ದಿಟ್ಟಿಸಿದ. "ಏನಪ್ಪಾ ಈ ಕಾಲರ್ರು? ಒಂದು ಕಡೆ ಕಲ್ಯಾಣದುರ್ಗ ನೋಡ್ತೈತೆ, ಇನ್ನೊಂದು ಕಡೆ ಪೆನುಕೊಂಡ ನೋಡ್ತೈತೆ. ಯಾವನು ಹೊಲಿದೋನು?"

ನಾನು ಕಾಲರ್ ಸರಿಮಾಡಿಕೊಂಡು ಅವನನ್ನೇ ನೋಡಿದೆ. ಅವನಿಗೇ ಹೊಳೆಯಿತು. ಮುಖ ಮುಚ್ಚಿಕೊಂಡ.

ಊರಿಗೆ ಮರಳಿದ ಮೇಲೆ ಅವನು ಮಾಡಿದ ಮೊದಲ ಕೆಲಸವೆಂದರೆ ಮನೆ ಮನೆಗೆ ಹೋಗಿ ಎರಡು ವರ್ಷದಲ್ಲಿ ತಾನು ಹೊಲಿದದ್ದನ್ನೆಲ್ಲ ವಾಪಸು ಕೇಳಿದ್ದು. ಬಿಚ್ಚಿ, ಮತ್ತೆ ಹೊಲಿದು ಕೊಟ್ಟ. ಓರೆ ತೋಳಿಗೆ ಒಗ್ಗಿಹೋದ ಕೆಲವರು ಕೊಡುವುದಿಲ್ಲವೆಂದು ಜಗಳವಾಡಿದರಂತೆ. ಅತ್ತೆಯನ್ನು ನೋಡಿ, "ಅಕ್ಕಾ, ಯಾವಾಗ ಇಷ್ಟು ಮುದುಕಿ ಆದೆ?" ಎಂದನಂತೆ. "ಇವನಿಗೆ ಪೊರೆಯೇ ಲೇಸಾಗಿತ್ತು" ಎಂದು ಅವಳು ಎರಡು ದಿನ ಸಾರು ಕಳಿಸಲಿಲ್ಲ.

ಇಷ್ಟೆಲ್ಲ ನೆನಪಾಗಿ, ಮೋಡ ಸರಿಯುವುದರೊಳಗೆ ಅತ್ತೆಗೆ ಫೋನ್ ಮಾಡಿದೆ. ಅವಳಿಗೀಗ ಮಂಡಿನೋವು, ಮೆಟ್ಟಿಲು ಹತ್ತಲಾಗುವುದಿಲ್ಲ.

"ಹಂಗಾದ್ರೆ ಬಿಸಿಲೊಲೆ?"

"ಹುಸೇನಪ್ಪ ಹತ್ತಿ ಇಟ್ಟು ಬತ್ತಾನೆ. ಮಧ್ಯ ಮಧ್ಯ ಅಂಗ್ಡಿ ಬಿಟ್ಟು ಬಂದು ತಿರುಗುಸ್ತಾನೆ."

"ಸಾರು ಚೆನ್ನಾಗಿ ಆಗುತ್ತಾ?"

ಅತ್ತೆ ದನಿ ತಗ್ಗಿಸಿದಳು. "ಹೊಲಿಯೋಕೆ ಕುಂತ್ರೆ ತಿರುಗ್ಸೋದು ಮರ್ತ್‌ಬುಡ್ತಾನೆ ಕಣ್ಲಾ. ಒಂದಿನಾನೂ ಬೆಂದಿರಲ್ಲ. ನಾನೇನೂ ಅಂದಿಲ್ಲ. ನೀನೂ ಅನ್ಬ್ಯಾಡ."

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ, ಮಧ್ಯಾಹ್ನ ಊಟಕ್ಕೆ ಬರುತ್ತೇನೆಂದು ಹೇಳಿದೆ.

"ಬಾ" ಎಂದಳು. "ಹಲ್ಲು ಗಟ್ಟಿ ಅವೆ ತಾನೆ?"